ಏಳನೇ ಸಾಲಿನಲ್ಲಿ ನಗಬಾರದು

ಗಂಭೀರಪ್ಪನ ಆ ದಿನದ ಕಷ್ಟಕ್ಕೆಲ್ಲ ಮೂಲ ಅವನೇ ಕೈಯಾರೆ ಬರೆದ ಎರಡು ಪದ. ಪ್ರಯೋಗಕ್ಕೆ ಅರ್ಜಿ ಹಾಕುವವರು ತುಂಬಬೇಕಾದ ಹದಿನೆಂಟು ಪುಟದ ನಮೂನೆಯಲ್ಲಿ 'ಬಳಸುವ ಅನಿಲ ಸೋರಿದರೆ ಮನುಷ್ಯರ ಮೇಲೆ ಆಗುವ ಪರಿಣಾಮ' ಎಂದು ಒಂದು ಖಾನೆ ಇತ್ತು. ಬೇರೆ ಯಾರಾದರೂ ಆಗಿದ್ದರೆ 'ವಿಶೇಷವೇನಿಲ್ಲ' ಎಂದು ಗೀಚಿ ಪುಟ ತಿರುಗಿಸುತ್ತಿದ್ದರು. ಗಂಭೀರಪ್ಪ ಅಂಥವನಲ್ಲ. ಅರ್ಧ ಗಂಟೆ ಯೋಚಿಸಿ, ದುಂಡಗಿನ ಅಕ್ಷರದಲ್ಲಿ ಬರೆದ: 'ನಗು ಬರಬಹುದು.'

ಬರೆದದ್ದು ಸುಳ್ಳಲ್ಲ. ಅವನು ಕೇಳಿದ್ದ ಅನಿಲ ನೈಟ್ರಸ್ ಆಕ್ಸೈಡ್. ಹಲ್ಲು ಕೀಳುವ ಡಾಕ್ಟರು ರೋಗಿಯ ಮೂಗಿಗೆ ಹಿಡಿಯುತ್ತಾರಲ್ಲ, ಹಲ್ಲು ಹೋದರೂ ರೋಗಿ ಕಿಸಿಕಿಸಿ ನಗುತ್ತಿರುತ್ತಾನಲ್ಲ, ಅದೇ. ಆದರೆ ಗಂಭೀರಪ್ಪನಿಗೆ ಬೇಕಾಗಿದ್ದು ಚಿಟಿಕೆಯಷ್ಟು. ಅದೂ ಗಾಳಿ ಪೂರ್ತಿ ಹೀರಿ ತೆಗೆದ ಉಕ್ಕಿನ ಪಾತ್ರೆಯೊಳಗೆ. ಅಷ್ಟರಲ್ಲಿ ಒಂದು ಇರುವೆಯನ್ನು ನಗಿಸುವುದೂ ಕಷ್ಟ. ಇದನ್ನು ಬರೆಯಲು ಖಾನೆಯಲ್ಲಿ ಜಾಗ ಉಳಿದಿರಲಿಲ್ಲ.

ಇನ್ನು ಅವನ ನಿಜವಾದ ಹೆಸರು ಗುರುತಿನ ಚೀಟಿಯಲ್ಲಿ ಬಿಟ್ಟರೆ ಎಲ್ಲೂ ಬಳಕೆಯಲ್ಲಿರಲಿಲ್ಲ. ಮದುವೆಯ ಫೋಟೋದಲ್ಲೂ ಯಾರೋ ತೀರಿಕೊಂಡ ಸುದ್ದಿ ಆಗತಾನೇ ಬಂದವನ ಹಾಗೆ ನಿಂತಿದ್ದ ಮನುಷ್ಯ. ಜನ ಗಂಭೀರಪ್ಪ ಎಂದರು, ಅದೇ ಉಳಿಯಿತು. ಅವನು ನಗುವುದಿಲ್ಲ, ನಿಜ. ಆದರೆ ಅವನು ಎಷ್ಟೆಷ್ಟು ಗಂಭೀರವಾಗುತ್ತಾನೋ ನೋಡುವವರಿಗೆ ಅಷ್ಟಷ್ಟು ನಗು ಉಕ್ಕುತ್ತದೆ. ಇದೊಂದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಅವನ ಕೆಲಸದ ಜಾಗ ಒಂದು ಭಾರಿ ದುಂಡನೆಯ ಹಜಾರ. ನಡುವೆ ಆಟದ ಮೈದಾನಕ್ಕೆ ಸುತ್ತು ಹಾಕುವಷ್ಟು ದೊಡ್ಡ ಉಕ್ಕಿನ ಬಳೆ. ಅದರೊಳಗೆ ಎಲೆಕ್ಟ್ರಾನುಗಳು ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಓಡುತ್ತವೆ. ತಿರುವು ಬಂದಾಗಲೆಲ್ಲ ಎಕ್ಸ್-ರೇ ಬೆಳಕು ಚೆಲ್ಲುತ್ತವೆ. ಆ ಬೆಳಕನ್ನು ಹಿಡಿದು ತರಲು ಬಳೆಯ ಸುತ್ತ ಇಪ್ಪತ್ತು ಸಾಲು ಕೊಳವೆಗಳು. ಒಂದೊಂದು ಸಾಲಿನ ಮುಂದೆಯೂ ವರ್ಷಗಟ್ಟಲೆ ಕಾಯುವ ಜನ. ಗಂಭೀರಪ್ಪ ಎರಡೂವರೆ ವರ್ಷ ಕಾದು ಪಡೆದದ್ದು ಏಳನೇ ಸಾಲಿನಲ್ಲಿ ಒಂದೇ ಒಂದು ದಿನ, ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕು. ಇನ್ನೊಂದು ಸರದಿಗೆ ಮತ್ತೆ ಎರಡೂವರೆ ವರ್ಷ. ಅವನ ನಿವೃತ್ತಿಗೆ ಉಳಿದಿದ್ದು ಎರಡೇ ವರ್ಷ. ಆರು ವರ್ಷ ಕೂತು ತಾನೇ ಕಟ್ಟಿದ ಅಳತೆಯ ಯಂತ್ರ ಈ ದಿನ ಕಣ್ಣು ತೆರೆಯಬೇಕು, ಇಲ್ಲದಿದ್ದರೆ ಇನ್ನೆಂದೂ ಇಲ್ಲ.

ಬೆಳಿಗ್ಗೆ ಎಂಟಕ್ಕೆ ಹತ್ತು ನಿಮಿಷ ಇರುವಾಗಲೇ ಏಳನೇ ಸಾಲಿನ ಮುಂದೆ ಸೇಫ್ಟಿ ಸಾಹೇಬರು ನಿಂತಿದ್ದರು. ಇಡೀ ಹಜಾರದ ಸುರಕ್ಷತೆ ಅವರ ಹೆಗಲ ಮೇಲೆ. ಕೊರಳಲ್ಲಿ ಸೀಟಿ, ಕೈಯಲ್ಲಿ ಗಡಿಯಾರ, ಕಂಕುಳಲ್ಲಿ ನೀಲಿ ರಟ್ಟಿನ ದಫ್ತರು.

"ನಿಮ್ಮ ನಮೂನೆ ಓದ್ದೆ," ಎಂದರು. "ಹತ್ತು ವರ್ಷದಲ್ಲಿ ಆ ಖಾನೆಲಿ 'ವಿಶೇಷವೇನಿಲ್ಲ' ಬಿಟ್ಟು ಬೇರೆ ಬರೆದೋರು ನೀವೊಬ್ರೇ. ನಂಗೆ ರಾತ್ರಿ ಊಟ ಸೇರ್ಲಿಲ್ಲ. ಅದಕ್ಕೇ ಒಂದು ಆದೇಶ ಹೊರಡ್ಸಿದೀನಿ, ಕೇಳಿ."

ದಫ್ತರು ಬಿಚ್ಚಿ ಓದಿದರು: "ಏಳನೇ ಸಾಲಿನ ಇಪ್ಪತ್ತು ಅಡಿಯೊಳಗೆ ನಗು ಕೇಳಿಸಿದಲ್ಲಿ ಅನಿಲ ಸೋರಿದೆಯೆಂದೇ ತಿಳಿಯತಕ್ಕದ್ದು. ಕೂಡಲೇ ಬೆಳಕು ಬಂದ್, ಅನಿಲ ಬಂದ್, ಎಲ್ಲರೂ ಹೊರಗೆ. ಐವತ್ತು ನಿಮಿಷ ಗಾಳಿ ಆಡಿದ ನಂತರ ಮರುಪರೀಕ್ಷೆ."

"ಸಾರ್, ಅನಿಲ ಸೋರಿದ್ರೂ ಅಷ್ಟರಲ್ಲಿ ಯಾರಿಗೂ ನಗು ಬರಲ್ಲ," ಎಂದ ಗಂಭೀರಪ್ಪ.

"ಬರಬಹುದು ಅಂತ ಬರೆದೋರು ಯಾರು?"

ಗಂಭೀರಪ್ಪ ಸುತ್ತ ಕಣ್ಣಾಡಿಸಿದ. "ಸಿಲಿಂಡರ್ ಎಲ್ಲಿ ಸಾರ್?" ಎಂದು ಕೇಳಿದ.

"ಏಳು ಗಂಟೆಗೇ ಬಂದು ನಾನೇ ಜೋಡ್ಸಿದೀನಿ. ಆ ಪೆಟ್ಟಿಗೆ ಒಳಗಿದೆ. ಪೆಟ್ಟಿಗೆಗೆ ಬೀಗ, ಬೀಗಕ್ಕೆ ಅರಗು. ನೀವು ಮುಟ್ಟೋ ಹಾಗಿಲ್ಲ."

ಇರಲಿ, ಮುಟ್ಟಬೇಕಾದ ಅಗತ್ಯವೂ ಇಲ್ಲ, ಕೊಳವೆ ಇತ್ತ ಕಡೆ ಬಂದಿದೆಯಲ್ಲ ಎಂದು ಗಂಭೀರಪ್ಪ ತೋಳು ಮಡಚಿದ. ಬೆಳಕನ್ನು ಪಾತ್ರೆಯ ನಡುವಿಗೆ ತಂದು ನಿಲ್ಲಿಸುವ ಕೆಲಸ ಕೂದಲೆಳೆಯಷ್ಟು ಸೂಕ್ಷ್ಮ. ಗಂಭೀರಪ್ಪ ಅದನ್ನು ಮುಕ್ಕಾಲು ಗಂಟೆಯಲ್ಲಿ ಮುಗಿಸಿದ. ಗಾಳಿ ಹೀರುವ ಪಂಪಿನ ಮೆಕ್ಯಾನಿಕ್ "ಏನ್ ಸಾರ್, ಇವತ್ತು ನಿಮ್ಮ ಕೈಗೆ ರೆಕ್ಕೆ ಬಂದಿದೆ" ಎಂದು ಬೆರಗಾದ. ಇನ್ನೇನು ಅನಿಲದ ತಿರುಪು ತಿರುಗಿಸಬೇಕು, ಆಗ ಬಂದಳು ಅಕ್ಕ.

ಅಕ್ಕ ಪಕ್ಕದ ಎಂಟನೇ ಸಾಲಿನ ಮುಖ್ಯಸ್ಥೆ. ಚಿಕ್ಕವರು ದೊಡ್ಡವರು ಎಲ್ಲರೂ ಅಕ್ಕಾ ಎಂದೇ ಕರೆಯುವುದು. ಒಳ್ಳೆಯ ಮನಸ್ಸು, ಅದಕ್ಕಿಂತ ದೊಡ್ಡ ಗಂಟಲು. ಪಕ್ಕದವರ ಪ್ರಯೋಗದಲ್ಲಿ ಮೂಗು ತೂರಿಸದಿದ್ದರೆ ತನ್ನದು ಸಾಗದು ಎಂಬ ಜಾತಿಯ ಹೆಂಗಸು.

"ಅದೇನು ಅಷ್ಟೊಂದು ಹುಡುಕ್ತಿದೀರಾ ಗಂಭೀರಪ್ಪನೋರೇ? ನಂಗೂ ಒಂಚೂರು ಹೇಳಿ. ನಂದೇನಿದ್ರೂ ತುಕ್ಕು ಹಿಡಿದ ಕಬ್ಬಿಣದ ಕೆಲಸ, ನಿಮ್ಮದು ನಂಗೆ ಅರ್ಥ ಆಗಲ್ಲ."

ಕೇಳಿದರೆ ಹೇಳದೆ ಇರುವುದು ಗಂಭೀರಪ್ಪನಿಗೆ ಆಗದ ಮಾತು. ಕನ್ನಡಕ ಸರಿಮಾಡಿಕೊಂಡ. "ಅಣು ಅಂದ್ರೆ ಒಂದಕ್ಕೊಂದು ಅಂಟಿಕೊಂಡಿರೋ ಮೂರು ಮನೆ ಅಂದ್ಕೊಳ್ಳಿ ಅಕ್ಕಾ. ತುದೀಲಿ ನೈಟ್ರೋಜನ್, ನಡುವೆ ನೈಟ್ರೋಜನ್, ಆ ತುದೀಲಿ ಆಕ್ಸಿಜನ್. ಮನೆ ತುಂಬ ಎಲೆಕ್ಟ್ರಾನುಗಳು. ಜಗಲಿ ಮೇಲೆ ಕೂತೋವನ್ನ ಯಾರು ಕರೆದ್ರೂ ಎದ್ದುಹೋಗ್ತಾವೆ. ಆದ್ರೆ ಆ ಎರಡು ನೈಟ್ರೋಜನ್ ಮನೆಲೂ ಒಳಕೋಣೆಲಿ ಒಬ್ಬೊಬ್ಬ ಅಜ್ಜಿ ಇದಾಳೆ, ಅವಳೂ ಎಲೆಕ್ಟ್ರಾನೇ. ಅವಳು ಸಾಮಾನ್ಯ ಬೆಳಕಿಗೆಲ್ಲ ಜಗ್ಗಲ್ಲ. ಅವಳನ್ನ ಎಬ್ಬಿಸೋಕೆ ಎಕ್ಸ್-ರೇನೇ ಬೇಕು."

"ಎದ್ರೆ ಏನಾಗತ್ತೆ?"

"ರಂಪ ಆಗತ್ತೆ. ಅಜ್ಜಿ ಹೊರಗೆ ಬಿದ್ದ ತಕ್ಷಣ ಜಗಲಿ ಮೇಲಿದ್ದೋನು ಅವಳ ಜಾಗ ಹಿಡಿಯೋಕೆ ಒಳಗೆ ನುಗ್ತಾನೆ. ಆ ನೂಕಾಟದಲ್ಲಿ ಇನ್ನೊಬ್ಬ ಬಾಗಿಲಿಂದ ಆಚೆ ಹಾರಿಹೋಗ್ತಾನೆ. ಕೊನೆಗೆ ಮನೆಗಳೇ ಬಿರುಕು ಬಿಟ್ಟು ಬೇರೆ ಬೇರೆ ಆಗ್ತಾವೆ. ತುದಿಮನೆ ಅಜ್ಜಿ ಒಂಚೂರು ಸುಲಭಕ್ಕೆ ಏಳ್ತಾಳೆ. ನಡುಮನೆ ಅಜ್ಜಿಗೆ ಹಟ ಜಾಸ್ತಿ, ಯಾಕಂದ್ರೆ ಪಕ್ಕದ ಆಕ್ಸಿಜನ್ ಅವರ ಮನೆ ಜನಾನ ತನ್ನ ಕಡೆ ಎಳ್ಕೊಂಡಿರತ್ತೆ. ಅದಕ್ಕೇ ಪರದೆ ಮೇಲೆ ಒಂದಲ್ಲ, ಅಜ್ಜಿಗೊಂದರಂತೆ ಎರಡು ದಿಬ್ಬ ಬರಬೇಕು. ಅದು ಬಂದ್ರೆ ನನ್ನ ಯಂತ್ರ ಸರಿ ಇದೆ ಅಂತ. ಆಮೇಲೆ ನಾನು ನೋಡಬೇಕಾಗಿರೋದು, ನಡುಮನೆ ಅಜ್ಜಿ ಎದ್ರೆ ಯಾವ ಕಡೆ ಗೋಡೆ ಮೊದಲು ಬೀಳತ್ತೆ ಅಂತ."

ಅಕ್ಕ ಕಣ್ಣರಳಿಸಿದಳು. "ಅಯ್ಯೋ, ಇಷ್ಟು ಚೆನ್ನಾಗಿದೆಯಾ ಇದು!" ಎಂದು ಕೈ ಹಿಡಿದಳು. ಮರುಕ್ಷಣ ಅವಳಿಗೆ ಇನ್ನೇನೋ ಹೊಳೆಯಿತು. "ಅಂದ್ರೆ ಮಲಗಿರೋ ಮುದುಕೀನ ಎಬ್ಬಿಸೋಕೆ ನೀವು ಎರಡೂವರೆ ವರ್ಷ ಕಾದ್ರಾ?"

"ಹೌದು," ಎಂದ ಗಂಭೀರಪ್ಪ, ಅತ್ಯಂತ ವಿನಯದಿಂದ.

ಆ 'ಹೌದು' ಎನ್ನುವ ಮುಖ ನೋಡಿ ಅಕ್ಕನಿಗೆ ತಡೆಯಲಾಗಲಿಲ್ಲ. ಆ ನಗು ಇಪ್ಪತ್ತು ಅಡಿಯಲ್ಲ, ಇಪ್ಪತ್ತು ಸಾಲಿಗೂ ಕೇಳಿಸಿತು. ಸಾಹೇಬರ ಸೀಟಿ ಕೂಗಿತು. ಬೆಳಕು ಬಂದ್, ಅನಿಲ ಬಂದ್. ಸಾಹೇಬರು ದಫ್ತರಿನಲ್ಲಿ 'ಸೋರಿಕೆ ಒಂದು' ಎಂದು ಬರೆದರು.

"ಸಾರ್, ನಾನಿನ್ನೂ ತಿರುಪು ತಿರುಗಿಸಿಯೇ ಇರಲಿಲ್ಲ!"

"ತಿರುಗಿಸದೆಯೇ ಇಷ್ಟು ಸೋರಿದ್ರೆ, ತಿರುಗಿಸಿದ್ರೆ ಗತಿ ಏನ್ರೀ?"

ಐವತ್ತು ನಿಮಿಷ ಎಲ್ಲರೂ ಹೊರಗೆ ನಿಂತರು. ಆಮೇಲೆ ಪಾತ್ರೆಯ ಗಾಳಿ ಮತ್ತೆ ಹೀರಿ ತೆಗೆಯಲು ಅರ್ಧ ಗಂಟೆ. ಹತ್ತೂಕಾಲು ಆಯಿತು. ಅಕ್ಕ ಕೆನ್ನೆ ಬಡಿದುಕೊಂಡು ತನ್ನ ಸಾಲಿಗೆ ಹೋದಳು. ಇನ್ನು ಮುಂದೆ ಇಂಥದ್ದು ಆಗಬಾರದು ಎಂದು ಗಂಭೀರಪ್ಪ ಒಂದು ರಟ್ಟು ತಂದು, ಸ್ವಂತ ಕೈಯಿಂದ ದಪ್ಪಕ್ಷರದಲ್ಲಿ ಬರೆದು ದಾರಿಗೆ ಎದುರಾಗಿ ಕಟ್ಟಿದ: 'ಇಲ್ಲಿ ನಗಬಾರದು. ದಯವಿಟ್ಟು ದುಃಖದಿಂದ ಹಾದುಹೋಗಿ.'

ಮೊದಲು ಹಾದುಹೋದವರು ಲೆಕ್ಕಪತ್ರದ ಕಚೇರಿಯ ಇಬ್ಬರು. ಓದಿದರು, ಒಬ್ಬರ ಮುಖ ಒಬ್ಬರು ನೋಡಿದರು, ಬಾಯಿಗೆ ಕೈ ಅಡ್ಡ ಹಿಡಿದು ಓಡಿದರು. ಹೋಗಿ ಸುಮ್ಮನಿದ್ದರೆ ಆಗುತ್ತಿತ್ತು; ಕಚೇರಿಯ ಉಳಿದ ಹದಿನೆಂಟು ಮಂದಿಗೂ ಹೇಳಿದರು. ಐದೇ ನಿಮಿಷದಲ್ಲಿ ಏಳನೇ ಸಾಲಿನ ಮುಂದೆ ಜಾತ್ರೆ. ಜನ ಸಾಲಾಗಿ ಬಂದು, ರಟ್ಟು ಓದಿ, ದುಃಖದಿಂದ ಹಾದುಹೋಗಲು ಪ್ರಾಮಾಣಿಕವಾಗಿ ಪ್ರಯತ್ನಪಟ್ಟರು. ರಟ್ಟಿನ ಪಕ್ಕದಲ್ಲಿ ಗಂಭೀರಪ್ಪ ಕೈಮುಗಿದು, "ದಯಮಾಡಿ, ಸ್ವಲ್ಪ ಬೇಜಾರು ಮಾಡ್ಕೊಳ್ಳಿ" ಎಂದು ಒಬ್ಬೊಬ್ಬರನ್ನೂ ಬೇಡುತ್ತಿದ್ದ. ಯಾರು ತಾನೇ ತಡೆದಾರು? ಎಲ್ಲರ ನಗುವೂ ಒಟ್ಟಿಗೆ ಸಿಡಿಯಿತು. ಸೀಟಿ. 'ಸೋರಿಕೆ ಎರಡು, ಸಾಮೂಹಿಕ.'

ರಟ್ಟು ಕಿತ್ತು ಬಿಸಾಡಿದ್ದಾಯಿತು. ಗಾಳಿ ಆಡಿ, ಪಂಪು ಓಡಿ ಮುಗಿಯುವಾಗ ಹನ್ನೆರಡು. ಪದೇ ಪದೇ ನಿಲ್ಲಿಸಿದ್ದರಿಂದ ಪಾತ್ರೆಯೊಳಗೆ ತೇವ ಕೂತಿತ್ತು. ಅದನ್ನು ಓಡಿಸಲು ಪಾತ್ರೆಗೆ ಬಿಸಿಯ ಪಟ್ಟಿ ಸುತ್ತಿ, ಅದರ ಮೇಲೆ ಅಲ್ಯೂಮಿನಿಯಂ ಹಾಳೆ ಹೊದಿಸಬೇಕು. ಗಂಭೀರಪ್ಪ ಬೆವರು ಸುರಿಸುತ್ತ ಸುತ್ತಿದ. ಉತ್ಸಾಹದಲ್ಲಿ ಹಾಳೆಯ ಸುರುಳಿಯ ಕೊನೆ ತನ್ನ ಬೆಲ್ಟಿಗೂ ಸೇರಿಹೋಗಿದ್ದು ಗೊತ್ತಾಗಲಿಲ್ಲ.

ಬಿಸಿ ಹಾಯಿಸಲು ಸಾಹೇಬರ ಸಹಿ ಬೇಕಿತ್ತು. ಎದ್ದು ಬಿರಬಿರನೆ ನಡೆದ. ಹಿಂದೆ ಇಪ್ಪತ್ತು ಗಜ ಹೊಳೆಯುವ ಬಾಲ ಸರಸರ ಎನ್ನುತ್ತ ಬಿಚ್ಚಿಕೊಂಡು ಬಂತು. ಗಂಭೀರಪ್ಪನ ಕೈಗಳು ಬೆನ್ನ ಹಿಂದೆ, ಹುಬ್ಬು ಗಂಟು, ಹೆಜ್ಜೆಯಲ್ಲಿ ರಾಜಠೀವಿ. ಮೆಕ್ಯಾನಿಕ್ ತುಟಿ ಕಚ್ಚಿಕೊಂಡ, ಸ್ಪ್ಯಾನರು ಕಚ್ಚಿಕೊಂಡ, ಕೊನೆಗೆ ನೆಲಕ್ಕೆ ಕುಸಿದು ಹೊಟ್ಟೆ ಹಿಡಿದುಕೊಂಡ. "ಸಾರ್... ಬಾಲ..." ಎನ್ನುವಷ್ಟರಲ್ಲಿ ಸೀಟಿ ಊದಿಯಾಗಿತ್ತು. 'ಸೋರಿಕೆ ಮೂರು. ಒಬ್ಬ ನೆಲಕ್ಕೆ ಬಿದ್ದಿದ್ದಾನೆ. ತೀವ್ರ.'

ಹೊರಗೆ ಗೋಡೆಗೆ ಒರಗಿ ನಿಂತ ಗಂಭೀರಪ್ಪನ ಕಣ್ಣಲ್ಲಿ ನೀರು ಬಂತು. ಆರು ವರ್ಷದ ಯಂತ್ರ ಒಳಗೆ ತಣ್ಣಗೆ ಕೂತಿದೆ, ಬೆಳಕು ಬಾಗಿಲ ತನಕ ಬಂದು ವಾಪಸ್ಸು ಹೋಗುತ್ತಿದೆ. ಇದನ್ನು ನೋಡಿ ಅಕ್ಕನಿಗೂ ಮೆಕ್ಯಾನಿಕ್‌ಗೂ ನಿಜವಾಗಿ ಕರುಳು ಚುರುಕ್ ಎಂದಿತು. ಇನ್ನು ಸಂಜೆಯವರೆಗೆ ಸತ್ತರೂ ನಗುವುದಿಲ್ಲ ಎಂದು ಇಬ್ಬರೂ ಆಣೆ ಮಾಡಿದರು. ಅಕ್ಕ ತನ್ನ ಕೆಲಸ ನಿಲ್ಲಿಸಿ ಕಾವಲಿಗೇ ನಿಂತಳು. ನಗುವ ಲಕ್ಷಣ ಇದ್ದವರನ್ನು ದೂರದಿಂದಲೇ ಗುರುತಿಸಿ ಓಡಿಸಿದಳು.

ಮಧ್ಯಾಹ್ನ ಒಂದೂಮುಕ್ಕಾಲು. ಹಜಾರದಲ್ಲಿ ಪಂಪುಗಳ ಗುಂಯ್ ಸದ್ದು ಬಿಟ್ಟರೆ ಮೌನ. ಗಂಭೀರಪ್ಪನ ಎರಡೂ ಕೈ ತಿರುಪಿನ ಮೇಲೆ. ಆಗ ಅವನ ಫೋನು ಬಡಿದುಕೊಂಡಿತು. ಸದ್ದು ನಿಲ್ಲಿಸೋಣವೆಂದು ಮೆಕ್ಯಾನಿಕ್ ಒತ್ತಿದ ಗುಂಡಿಗೆ ಫೋನು ಜೋರಾಗಿ ಮಾತಾಡತೊಡಗಿತು.

"ಊಟ ಆಯ್ತೇನ್ರೀ?" ಗಂಭೀರಪ್ಪನ ಹೆಂಡತಿ. "ದಿಬ್ಬ ಬಂತಾ?"

"ಏನೂ ಮಾತಾಡ್ಬೇಡ. ಮುಖ್ಯವಾಗಿ ನಗಬೇಡ."

"ನಾನ್ಯಾಕ್ರೀ ನಗ್ಲಿ? ಮೂವತ್ತು ವರ್ಷ ನಿಮ್ಮ ಜೊತೆ ಇದೀನಿ, ಅಭ್ಯಾಸ ಎಲ್ಲಿದೆ?"

"ಇಲ್ಲಿ ನಕ್ಕರೆ ಬಾಗಿಲು ಹಾಕ್ತಾರೆ ಕಣೇ. ಅಕ್ಕ ಅಜ್ಜಿಗೆ ನಕ್ಕರು, ಬಾಗಿಲು ಹಾಕಿದ್ರು. ನಾನು ದುಃಖದಿಂದ ಹೋಗಿ ಅಂತ ಬರೆದೆ, ಆಗ್ಲೂ ಹಾಕಿದ್ರು. ಆಮೇಲೆ ನಂಗೆ ಬಾಲ ಬಂತು."

ಆ ಕಡೆ ಮೂವತ್ತು ವರ್ಷದಿಂದ ಕೂಡಿಟ್ಟಿದ್ದ ನಗು ಕಟ್ಟೆಯೊಡೆದು ಫೋನಿನಿಂದ ಹೊರಗೆ ಹರಿಯಿತು. ಸಾಹೇಬರು ಸೀಟಿ ತುಟಿಗಿಟ್ಟರು.

ಅಕ್ಕ ಅಡ್ಡ ಬಂದಳು. "ಸಾರ್, ಇದು ಅನ್ಯಾಯ! ಅವರು ಮನೇಲಿದಾರೆ, ಆರು ಮೈಲಿ ದೂರ. ಗ್ಯಾಸು ಫೋನಲ್ಲಿ ಹೋಗತ್ತಾ?"

"ಹೋಗತ್ತೋ ಬಿಡತ್ತೋ, ಅದು ವಿಜ್ಞಾನ. ಅದನ್ನ ನೀವು ನೋಡ್ಕೊಳ್ಳಿ," ಎಂದರು ಸಾಹೇಬರು. "ಆದೇಶದಲ್ಲಿ 'ನಗು ಕೇಳಿಸಿದಲ್ಲಿ' ಅಂತಿದೆ. ಕೇಳಿಸ್ತು ತಾನೇ?" 'ಸೋರಿಕೆ ನಾಲ್ಕು. ಆರು ಮೈಲಿವರೆಗೆ.'

ಮತ್ತೆ ಎಲ್ಲ ಸಿದ್ಧವಾಗುವಾಗ ಮೂರೂಕಾಲು. ನಲವತ್ತೈದು ನಿಮಿಷ ಉಳಿದಿತ್ತು. ಗೋಡೆ ಬೀಳುವುದನ್ನು ನೋಡಲು ಸಮಯ ಸಾಲದಿದ್ದರೂ, ಆ ಎರಡು ದಿಬ್ಬ ಬಂದರೆ ಸಾಕು, ಯಂತ್ರ ಸರಿ ಇದೆ ಎಂದು ಜಗತ್ತಿಗೆ ತೋರಿಸಬಹುದು. ಅಕ್ಕ ಬಾಯಿಗೆ ಕರವಸ್ತ್ರ ತುರುಕಿಕೊಂಡಳು. ಮೆಕ್ಯಾನಿಕ್ ಗೋಡೆಯ ಕಡೆ ಮುಖ ಮಾಡಿ ನಿಂತ. ಗಂಭೀರಪ್ಪ ತಿರುಪನ್ನು ಕೂಸಿನ ಕೆನ್ನೆ ಮುಟ್ಟಿದಂತೆ ಮುಟ್ಟಿ ತಿರುಗಿಸಿದ. ಅನಿಲ ಒಳಗೆ ಹೋಯಿತು. ಬೆಳಕಿನ ಬಾಗಿಲು ತೆರೆಯಿತು. ಯಂತ್ರ ಎಣಿಸತೊಡಗಿತು.

ಪರದೆಯ ಮೇಲೆ ಒಂದು ಚುಕ್ಕೆ. ಇನ್ನೊಂದು. ಗೆರೆ ಸಪಾಟಾಗಿ ಹೋಯಿತು, ಹೋಯಿತು, ಆಮೇಲೆ ಗೆರೆ ಮೇಲಕ್ಕೆದ್ದಿತು! ಏರಿತು, ಚೂಪಾಯಿತು, ಇಳಿಯಿತು. ಎಷ್ಟು ಶುದ್ಧವಾದ ದಿಬ್ಬ! ಆರು ವರ್ಷದ ಯಂತ್ರ ಮೊದಲ ಸಲ ಬಾಯಿಬಿಟ್ಟು ಮಾತಾಡಿತ್ತು. ಅಕ್ಕ ಕರವಸ್ತ್ರದೊಳಗಿಂದಲೇ "ಉಂ! ಉಂ!" ಎಂದು ಕುಣಿದಳು. ಮೆಕ್ಯಾನಿಕ್ ಗೋಡೆಗೇ ಚಪ್ಪಾಳೆ ತಟ್ಟಿದ.

"ಅಜ್ಜಿ ಎದ್ದಳು!" ಎಂದು ಗಂಭೀರಪ್ಪ ಪಿಸುಗುಟ್ಟಿದ. "ಇದು ಒಂದು. ಈಗ ಇನ್ನೊಬ್ಬಳು, ತಾಳಿ."

ಗೆರೆ ಮುಂದೆ ಹೋಯಿತು. ಸಪಾಟು. ಇನ್ನೂ ಸಪಾಟು. ಕೊನೆಯವರೆಗೂ ಸಪಾಟು. ಇನ್ನೊಮ್ಮೆ ಎಣಿಸಿದ. ಅದೇ ಒಂದು ದಿಬ್ಬ, ಎರಡು ಬರಬೇಕಾಗಿದ್ದ ಜಾಗಗಳ ನಡುವೆ ಒಂಟಿಯಾಗಿ ನಿಂತಿತ್ತು.

ಗಂಭೀರಪ್ಪ ಗಲ್ಲ ಕೆರೆದುಕೊಂಡ. ನೈಟ್ರೋಜನ್ನಿನ ಎರಡು ಮನೆಗಳಿದ್ದೂ ಅಜ್ಜಿಯರಿಬ್ಬರೂ ಒಂದೇ ಬೆಳಕಿಗೆ, ಒಂದೇ ಹಟದಲ್ಲಿ ಏಳಬೇಕಾದರೆ ಎರಡೂ ಮನೆ ತದ್ರೂಪವಾಗಿರಬೇಕು. ತುದಿ ನಡು ಎಂಬ ಭೇದವೇ ಇರಬಾರದು. ಪಕ್ಕದಲ್ಲಿ ಆಕ್ಸಿಜನ್ ಏನು, ಬೇರಾವ ಮನೆಯೂ ಇರಬಾರದು. ಅಂಥ ಅಣು ಜಗತ್ತಿನಲ್ಲಿ ಇರುವುದು ಒಂದೇ. ನಾವು ನೀವು ದಿನವೂ ಉಸಿರಾಡುವ ಗಾಳಿಯ ಮುಕ್ಕಾಲು ಪಾಲು ಅದೇ.

ನಿಧಾನವಾಗಿ ಕತ್ತು ತಿರುಗಿಸಿ ಕೇಳಿದ: "ಸಾರ್, ಆ ಪೆಟ್ಟಿಗೆ ಒಳಗೆ ಏನಿಟ್ಟಿದೀರಿ?"

"ನೈಟ್ರೋಜನ್," ಎಂದರು ಸಾಹೇಬರು ಹೆಮ್ಮೆಯಿಂದ. "ಅಪ್ಪಟ ನೈಟ್ರೋಜನ್. ನನ್ನ ಹಜಾರದೊಳಗೆ ನಗಿಸೋ ಗ್ಯಾಸು ಬಿಡ್ತೀನಾ? ಬೆಳಿಗ್ಗೇನೇ ಬದಲಾಯಿಸ್ಬಿಟ್ಟೆ. ನಿಮ್ಮ ನಮೂನೆ ಶೀರ್ಷಿಕೆ ಏನು? 'ಅಣುವಿನ ಎರಡು ನೈಟ್ರೋಜನ್‌ಗಳ ಒಳಕವಚದ ಅಧ್ಯಯನ.' ಇದರಲ್ಲೂ ಎರಡಿದೆ. ನಾನು ಕೇಳಿ, ಖಾತ್ರಿ ಮಾಡ್ಕೊಂಡೇ ಹಾಕಿದ್ದು. ಆಕ್ಸಿಜನ್ ಮಾತು ಶೀರ್ಷಿಕೆಲಿ ಎಲ್ಲಿದೆ?"

ಅಕ್ಕನ ಬಾಯಿಂದ ಕರವಸ್ತ್ರ ಕೆಳಗೆ ಬಿತ್ತು. "ಮತ್ತೆ ಬೆಳಗಿಂದ ನಾಲ್ಕು ಸಲ ಬಾಗಿಲು ಯಾಕ್ ಹಾಕಿದ್ರಿ?"

"ಗ್ಯಾಸು ಬದಲಾಯ್ತು, ಆದೇಶ ಬದಲಾಗಿಲ್ವಲ್ಲಮ್ಮ."

ಗೋಡೆಯ ಮೇಲಿನ ಗಡಿಯಾರ ನಾಲ್ಕು ತೋರಿಸಿತು. ಏಳನೇ ಸಾಲಿನ ಬೆಳಕಿನ ಬಾಗಿಲು ತನ್ನಷ್ಟಕ್ಕೆ ತಾನೇ ಮುಚ್ಚಿಕೊಂಡಿತು. ಗಂಭೀರಪ್ಪ ಸ್ಟೂಲಿನ ಮೇಲೆ ಕುಸಿದ. ಅವನ ದುಃಖಕ್ಕೆ ಈಗ ಯಾರ ಒತ್ತಾಯವೂ ಬೇಕಿರಲಿಲ್ಲ.

ಅಕ್ಕ ಅವನ ಮುಂದೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು. "ಏಳ್ರೀ ಮೇಲೆ! ನಾಳೆ ಇಡೀ ದಿನ ಎಂಟನೇ ಸಾಲು ನಂದು. ನನ್ನ ತುಕ್ಕು ಎಲ್ಲೂ ಓಡಿಹೋಗಲ್ಲ. ನಿಮ್ಮ ಯಂತ್ರಾನ ಇಲ್ಲಿಂದ ಅಲ್ಲಿಗೆ ತಳ್ಳಿದ್ರಾಯ್ತು. ನಾಳೆ ನಿಮ್ಮದೇ!"

ಗಂಭೀರಪ್ಪನಿಗೆ ಹೋದ ಜೀವ ಬಂದಂತಾಯಿತು. ಎದ್ದು ನಿಂತವನೇ ಸಾಹೇಬರ ಎರಡೂ ಕೈ ಹಿಡಿದುಕೊಂಡ. "ಸಾರ್, ನೀವೇ ನೋಡಿದ್ರಲ್ಲ, ನಗಿಸೋ ಅನಿಲ ಇರಲೇ ಇಲ್ಲ! ನಾಲ್ಕು ಸಲಾನೂ ಜನ ನಕ್ಕಿದ್ದು ಅನಿಲದಿಂದ ಅಲ್ಲ. ಸೋರಿಕೆ ಅಂತ ಬರೆದಿರೋದನ್ನೆಲ್ಲ ಹೊಡೆದುಹಾಕಿ. ನಾಳೆ ನನ್ನ ಸಿಲಿಂಡರನ್ನ ಒಳಗೆ ಬಿಡಿ."

ಸಾಹೇಬರು ದಫ್ತರು ಬಿಚ್ಚಿ ನಾಲ್ಕೂ ಸೋರಿಕೆಗಳನ್ನು ಮತ್ತೆ ಓದಿದರು. ಅವರು ಕೆಟ್ಟವರಲ್ಲ. ನ್ಯಾಯ ಕಂಡರೆ ಒಪ್ಪಿಕೊಳ್ಳುವ ಮನುಷ್ಯ.

"ನೀವು ಹೇಳೋದು ಸರಿ," ಎಂದರು ಕೊನೆಗೆ. "ಅನಿಲದ್ದು ತಪ್ಪಿಲ್ಲ. ನಾಳೆ ಅದನ್ನ ಒಳಗೆ ಬಿಡ್ತೀನಿ."

ಅಕ್ಕ, ಮೆಕ್ಯಾನಿಕ್ ಇಬ್ಬರೂ 'ಹೋ' ಎಂದು ಕೂಗಿದರು.

"ಆದ್ರೆ ನಾಲ್ಕು ಸಲ ನಗು ಬಂದಿದ್ದು ನಿಜ. ಒಬ್ಬ ನೆಲಕ್ಕೆ ಬಿದ್ದಿದ್ದೂ ನಿಜ. ಕಾರಣ ಅಂತ ಒಂದು ಬರೀಬೇಕಲ್ಲ?" ಸಾಹೇಬರ ಪೆನ್ನು ಒಂದೊಂದೇ ಸಾಲಿನ ಮೇಲೆ ಇಳಿಯಿತು. "ಮೊದಲನೇ ಸಲ ಅಲ್ಲಿದ್ದೋರು ಯಾರು? ನೀವು. ಎರಡನೇ ಸಲ? ನೀವು. ಮೂರು? ನೀವು. ನಾಲ್ಕನೇದಂತೂ ಆರು ಮೈಲಿ ದೂರದಲ್ಲಿದ್ದೋರಿಗೆ ಬರೀ ನಿಮ್ಮ ದನಿ ತಾಗಿದ್ದಕ್ಕೇ! ಯಾವ ಗ್ಯಾಸಿಗೂ ಇಷ್ಟು ಶಕ್ತಿ ಇಲ್ಲ ಕಣ್ರೀ."

'ಅನಿಲ: ನಿರಪಾಯಕಾರಿ. ಒಳಗೆ ಬಿಡಬಹುದು. ಪ್ರಯೋಗ ನಡೆಸುವವರು: ನಗು ಬರಬಹುದು. ಹಜಾರದಿಂದ ದೂರ ಇರಿಸತಕ್ಕದ್ದು' ಎಂದು ಬರೆದು, ಕೆಳಗೆ ಗೆರೆ ಎಳೆದು, ಸಹಿ ಹಾಕಿದರು.

ಆಮೇಲೆ ಗಂಭೀರಪ್ಪನ ಕುತ್ತಿಗೆಯಿಂದ ಪ್ರವೇಶಪತ್ರವನ್ನು ಮರ್ಯಾದೆಯಿಂದ ಬಿಚ್ಚಿಕೊಂಡು, ಉಗ್ರಾಣಕ್ಕೆ ನಡೆದು, ಅಲ್ಲಿ ಬೆಳಗಿನಿಂದ ಮೂಲೆಯಲ್ಲಿ ನಿಂತಿದ್ದ ನೈಟ್ರಸ್ ಆಕ್ಸೈಡ್ ಸಿಲಿಂಡರಿನ ಕುತ್ತಿಗೆಗೆ ಹಾಕಿದರು.